ತಕ್ಕಡಿ ಮಾವನ ಕಾರಿನ ಬೆಲೆ

ಮಾರುವವನ ಬಾಯಲ್ಲಿ ಕತ್ತೆಯೂ ಕುದುರೆ, ಕೊಳ್ಳುವವನ ಬಾಯಲ್ಲಿ ಕುದುರೆಯೂ ಕತ್ತೆ. ಲೋಕದ ವ್ಯಾಪಾರವೆಲ್ಲ ಹೀಗೇ ನಡೆದುಕೊಂಡು ಬಂದಿದೆ, ಅದಕ್ಕಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತಲೆ ಕೆಡಿಸಿಕೊಳ್ಳುವ ಒಬ್ಬರೇ ಒಬ್ಬರು ಆ ಬೀದಿಯ ಕೊನೆಯ ಮನೆಯಲ್ಲಿದ್ದರು. ಈಗ ಅವರ ಕಾರನ್ನೇ ಮಾರಬೇಕಾಗಿ ಬಂದಿತ್ತು.

ಊರೆಲ್ಲ ಅವರನ್ನು ಕರೆಯುತ್ತಿದ್ದದ್ದು ತಕ್ಕಡಿ ಮಾವ ಎಂದು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತೈದು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು. ಅಂಗಡಿ ಅಂಗಡಿ ಸುತ್ತಿ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಅವರ ಕೆಲಸವಾಗಿತ್ತು. ‘ತಕ್ಕಡಿ’ ಎಂಬುದು ಅಂಗಡಿಯವರು ಸಿಟ್ಟಿನಿಂದ ಇಟ್ಟ ಹೆಸರು, ‘ಮಾವ’ ಎಂಬುದು ಬೀದಿಯವರು ಆಮೇಲೆ ಮರ್ಯಾದೆಗೆ ಸೇರಿಸಿದ್ದು. ಮನೆಯ ಸೊಸೆಗೆ ಅವರು ನಿಜವಾಗಿಯೂ ಮಾವ. ಮದುವೆಯಾಗಿ ಬಂದ ಹೊಸದರಲ್ಲಿ, ಅಂಗಡಿಯಿಂದ ತಂದ ಹಿಟ್ಟಿನ ಚೀಲವನ್ನು ಈ ಮುದುಕರು ಅಡುಗೆಮನೆಯಲ್ಲಿ ಮತ್ತೊಮ್ಮೆ ತೂಗುವುದನ್ನು ಕಂಡು ಆಕೆ, ನಾನು ಯಾವ ಮನೆಗಪ್ಪಾ ಬಂದು ಬಿದ್ದೆ ಎಂದುಕೊಂಡಿದ್ದಳು. ಹನ್ನೊಂದು ವರ್ಷ ಕಳೆದ ಮೇಲೆ ಅವಳಿಗೂ ಆ ಚಟ ಅಂಟಿಕೊಂಡಿತ್ತು.

ತಕ್ಕಡಿಯನ್ನು ಪರೀಕ್ಷಿಸಲು ಮಾವನ ಬಳಿ ಇದ್ದದ್ದು ಒಂದೇ ಉಪಾಯ. ಎಷ್ಟು ತೂಗುತ್ತದೆ ಎಂದು ತಮಗೆ ಮೊದಲೇ ಗೊತ್ತಿರುವ ಹಿತ್ತಾಳೆಯ ಕಲ್ಲನ್ನು ತಟ್ಟೆಯಲ್ಲಿಟ್ಟು, ಬಾಯಿ ಮುಚ್ಚಿಕೊಂಡು, ತಕ್ಕಡಿ ಏನು ಹೇಳುತ್ತದೆ ಎಂದು ಕಾಯುವುದು. ಕಡಿಮೆ ಹೇಳಿದರೂ ಮುದ್ರೆಯಿಲ್ಲ, ಹೆಚ್ಚು ಹೇಳಿದರೂ ಮುದ್ರೆಯಿಲ್ಲ. ಅದೂ ಒಂದು ಸಲವಲ್ಲ. ಖಾಲಿ ತಟ್ಟೆ, ಅರ್ಧ ಭಾರ, ಪೂರ್ತಿ ಭಾರ, ಮೂರನ್ನೂ ನೋಡದೆ ಅವರು ಮುದ್ರೆ ಕೈಗೆತ್ತಿಕೊಂಡವರಲ್ಲ. ಆ ಹಿತ್ತಾಳೆಯ ಕಲ್ಲುಗಳು ಈಗ ನಡುಮನೆಯ ಕಿಟಕಿಯ ಕಟ್ಟೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತಿದ್ದವು, ಮಾವ ವಾರಕ್ಕೊಮ್ಮೆ ಅವನ್ನು ಒರೆಸುತ್ತಿದ್ದರು.

ಕಾರು ಕರೆಂಟಿನದು. ಎಂಟು ವರ್ಷದ ಹಿಂದೆ, ಅತ್ತೆ ಬದುಕಿದ್ದಾಗ, ಅವರೇ ಬಣ್ಣ ಆರಿಸಿ ಕೊಂಡದ್ದು. ಹೊಸದರಲ್ಲಿ ಗಂಡ ಹೆಂಡತಿ ಇಬ್ಬರೂ ಸಮುದ್ರ ನೋಡಲು ಹೋಗಿ ಬಂದಿದ್ದರು. ಪೂರ್ತಿ ತುಂಬಿಸಿಕೊಂಡು ಹೊರಟ ಬ್ಯಾಟರಿ ಮನೆಯ ಗೇಟಿನ ಮುಂದೆಯೇ ಸೊನ್ನೆಗೆ ಬಂದು ನಿಂತಿತ್ತಂತೆ. ಸರಿಯಾಗಿ ಮುನ್ನೂರು ಕಿಲೋಮೀಟರು ಎಂದು ಮಾವ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆಮೇಲೆ ಮಾರಿದವರು ಒಂದು ಬುದ್ಧಿಮಾತು ಹೇಳಿದರು: ಚಾರ್ಜು ನೂರಕ್ಕೆ ಮೂವತ್ತಕ್ಕಿಂತ ಕೆಳಗೆ ಇಳಿಸಬೇಡಿ, ಎಂಬತ್ತಕ್ಕಿಂತ ಮೇಲೆ ತುಂಬಿಸಬೇಡಿ, ಬ್ಯಾಟರಿ ಬಹುಕಾಲ ಬಾಳುತ್ತದೆ. ಆಗಾಗ ಒಮ್ಮೆ ಪೂರ್ತಿ ತುಂಬಿಸಿ ಎಂದೂ ಹೇಳಿದ್ದರಂತೆ. ಮಾವ ಮೊದಲಿನ ಮಾತನ್ನು ಹಿಡಿದರು, ಎರಡನೆಯದನ್ನು ಚಪಲವೆಂದು ಬಿಟ್ಟರು. ಎಂಟು ವರ್ಷ ಆ ಕಾರು ಮೂವತ್ತರಿಂದ ಎಂಬತ್ತರೊಳಗೆ ಪಥ್ಯದಲ್ಲೇ ಬದುಕಿತು.

ಈಗ ಮಾವನ ಕಣ್ಣು ಮಂಜಾಗಿತ್ತು. ಮನುಷ್ಯರ ಆಕಾರ ಕಾಣುತ್ತಿತ್ತು, ಅಕ್ಷರ ಅಂಕಿ ಕಾಣುತ್ತಿರಲಿಲ್ಲ. ಇನ್ನು ಗಾಡಿ ಓಡಿಸಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದ ದಿನ, ಮಗ ಸೊಸೆ ಇದನ್ನು ಹೇಗಪ್ಪಾ ಒಪ್ಪಿಸುವುದು ಎಂದು ಅಡುಗೆಮನೆಯಲ್ಲಿ ಪಿಸುಗುಡುತ್ತಿದ್ದರೆ, ಮಾವ ತಾವೇ ಬಂದು ಕಾರಿನ ಕೀಲಿಯನ್ನು ಗೋಡೆಯ ಮೊಳೆಗೆ ನೇತುಹಾಕಿದರು. ಕಾರು ಮಾರಿಬಿಡೋಣ, ಬಂದ ದುಡ್ಡು ಸೊಸೆಯ ಮೆಷಿನ್‌ಗೆ ಎಂದರು. ದೊಡ್ಡ ವಿಷಯವನ್ನು ಇಷ್ಟು ಚಿಕ್ಕದಾಗಿ ಹೇಳುವವರು ಸಿಗುವುದು ಅಪರೂಪ.

ಸೊಸೆ ಕುರ್ಚಿ ಸೋಫಾಗಳಿಗೆ ಹೊಸ ಮೈ ಹೊಲಿಯುವವಳು. ಮನೆಯ ಮುಂಭಾಗದ ಕೋಣೆಯೇ ಅವಳ ಕಾರ್ಖಾನೆ. ಬೀದಿಗೆ ಬಿದ್ದ ಕುರ್ಚಿಯೂ ಅವಳ ಕೈಗೆ ಬಂದರೆ ಮದುಮಗನಾಗಿ ಹೋಗುತ್ತಿತ್ತು. ಆದರೆ ಅವಳ ಮೆಷಿನ್ ಮನೆಬಳಕೆಯದು, ಚರ್ಮ ಕಂಡರೆ ಸೂಜಿ ಮುರಿಯುತ್ತಿತ್ತು. ದಪ್ಪ ಹೊಲಿಗೆಯನ್ನೆಲ್ಲ ಕೈಯಿಂದಲೇ ಎಳೆದೂ ಎಳೆದೂ ಬಲಗೈಯ ಹೆಬ್ಬೆರಳು ರಾತ್ರಿ ಮಡಿಚಲು ಬರುತ್ತಿರಲಿಲ್ಲ. ಊರಿನ ಹಳೆಯ ಸೋಫಾ ಕೆಲಸಗಾರ ಅಂಗಡಿ ಮುಚ್ಚುತ್ತಿದ್ದ, ಅವನ ದೊಡ್ಡ ಮೆಷಿನ್ನಿನ ಬೆಲೆ ಒಂಬತ್ತು ಸಾವಿರ. ಈ ತಿಂಗಳ ಕೊನೆಯವರೆಗೆ ನಿನಗಾಗಿ ಇಟ್ಟುಕೊಳ್ಳುತ್ತೇನೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದು ಅವನು ಹೇಳಿದ್ದ. ಅವಳ ಹತ್ತಿರ ಕೂಡಿಟ್ಟದ್ದು ಆರು ನೂರು. ಮಿಕ್ಕದ್ದೆಲ್ಲ ಕಾರಿನಿಂದಲೇ ಬರಬೇಕಿತ್ತು.

ಬೆಲೆ ಎಷ್ಟು ಹೇಳುವುದು ಎಂಬ ಮಾತು ಎದ್ದಾಗ ಸಲಹೆ ಕೊಡುವವರಿಗೆ ಬರವಿರಲಿಲ್ಲ. ಅವಳ ಗಂಡ ಲಿಫ್ಟ್ ರಿಪೇರಿಯವನು, ಮೇಲೆ ಕೆಳಗೆ ಓಡಾಡಿ ರೂಢಿಯಾದವನು, ಮೊದಲು ಮೇಲೆ ಹೇಳಿ ಆಮೇಲೆ ಇಳಿಯೋಣ ಎಂದ. ಎದುರು ಮನೆಯ ಹಳೇ ಗಾಡಿಗಳ ದಲ್ಲಾಳಿ, ಇದ್ದ ಬೆಲೆಯ ಮೇಲೆ ಸಾವಿರ ಕೊಬ್ಬು ಇಟ್ಟು ಹೇಳಿ, ಗಿರಾಕಿ ಅದನ್ನು ಕೊಚ್ಚಿ ಖುಷಿಪಡಲಿ ಎಂದ. ಮಾವ ಎಲ್ಲವನ್ನೂ ಕೇಳಿ, ಕಡ್ಡಿ ಮುರಿದ ಹಾಗೆ ಒಂದೇ ಮಾತು ಹೇಳಿದರು.

“ಹೇಳೋ ಬೆಲೆ ಒಂದು, ಕೊಡೋ ಬೆಲೆ ಒಂದು ಅಂದ್ರೆ, ಅಂಗಡೀಲಿ ಎರಡು ಥರದ ಕಲ್ಲು ಇಟ್ಕೊಂಡ ಹಾಗೆ. ಅಂಥೋರನ್ನ ನಾನು ಮೂವತ್ತೈದು ವರ್ಷ ಹಿಡಿದಿದೀನಿ.”

ಅವರ ಲೆಕ್ಕದ ದಾರಿಯೇ ಬೇರೆ. ಇದೇ ಕಾರು, ಇದೇ ವಯಸ್ಸಿನದು, ಬ್ಯಾಟರಿಯ ಆರೋಗ್ಯ, ಎಂದರೆ ಹೊಸದರಲ್ಲಿದ್ದ ಶಕ್ತಿಯಲ್ಲಿ ಉಳಿದದ್ದು, ನೂರಕ್ಕೆ ಎಂಬತ್ತು ಇರುವಂಥದ್ದು ಊರಿನಲ್ಲಿ ಎಷ್ಟಕ್ಕೆ ಕೈ ಬದಲಾಗುತ್ತಿದೆ ಎಂದು, ಹಾಗೆ ಮಾರಿದ ಐದು ಜನಕ್ಕೆ ಫೋನು ಮಾಡಿಸಿ ಕೇಳಿದರು. ಕೇಳಿದ ಬೆಲೆಯಲ್ಲ, ನಿಜವಾಗಿ ಕೈಗೆ ಬಂದ ಬೆಲೆ. ಎಂಟು ಸಾವಿರದ ಮುನ್ನೂರೈವತ್ತು ಎಂದು ಗಟ್ಟಿಯಾಯಿತು. ಎಂಬತ್ತರ ಮೇಲೆ ಒಂದೊಂದು ಅಂಕಿಗೂ ನೂರು ಕೂಡಿಸುವುದು, ಕೆಳಗೆ ಒಂದೊಂದಕ್ಕೂ ನೂರು ಕಳೆಯುವುದು. ಹಿಂದಿನ ಬಾಗಿಲಿನ ತಗ್ಗು, ಎಡಗಡೆ ಗಾಜು ಏರುವಾಗ ಸೋಮಾರಿತನ ಮಾಡುವುದು, ಎರಡೂ ಸೇರಿ ಮುನ್ನೂರು ಕಳೆ. ಹೊಸ ಟೈರಿಗೆ ಇನ್ನೂರು ಕೂಡು. ಗಾಜಿನ ವಿಷಯ ಯಾರಿಗೂ ಗೊತ್ತೇ ಆಗಲ್ಲ ಅಪ್ಪ ಎಂದು ಮಗ ಹೇಳಿದಾಗ, ನನಗೆ ಗೊತ್ತಲ್ಲ ಎಂದರು. ಕೂತಲ್ಲೇ, ಕಣ್ಣು ಮುಚ್ಚಿಕೊಂಡು, ಒಂದು ಹಾಳೆಯೂ ಇಲ್ಲದೆ ಅವರು ಹೀಗೆ ಬೆಲೆ ಕಟ್ಟುವುದನ್ನು ನೋಡಿ ದಲ್ಲಾಳಿಯಂಥ ದಲ್ಲಾಳಿಯೇ ತಲೆದೂಗಿದ. ಇನ್ನು ಉಳಿದದ್ದು ಬ್ಯಾಟರಿಯ ಅಂಕಿ ಒಂದೇ.

ಅದಕ್ಕಾಗಿ ಸೊಸೆ ಮಾವನನ್ನು ಕೂರಿಸಿಕೊಂಡು ಮೆಕ್ಯಾನಿಕ್ಕಿನ ಶೆಡ್ಡಿಗೆ ಕಾರು ತಂದಳು. ಅವನು ಸ್ಟೀರಿಂಗಿನ ಕೆಳಗೆ ಒಂದು ವೈರು ಚುಚ್ಚಿ, ಸ್ವಲ್ಪ ಹೊತ್ತಿಗೆ ಅದನ್ನು ಕಿತ್ತುಕೊಂಡು, ಮಾವನನ್ನೂ ಕರೆದುಕೊಂಡು ಹೋಗಿ ಗಾಜಿನ ಕೋಣೆಯೊಳಗೆ ಕಂಪ್ಯೂಟರಿನ ಮುಂದೆ ಕೂತ. ಅಷ್ಟರಲ್ಲಿ ಹಿಂದೆ ಬಂದ ಲಾರಿಗೆ ದಾರಿ ಬೇಕೆಂದು ಸೊಸೆ ಕಾರನ್ನು ಪಕ್ಕಕ್ಕೆ ನಿಲ್ಲಿಸಲು ಹೋಗಬೇಕಾಯಿತು. ಅವಳು ಮರಳಿ ಬಂದಾಗ ಒಳಗೆ ಮಾವನೂ ಮೆಕ್ಯಾನಿಕ್ಕೂ ಏನೋ ಮಾತಾಡುತ್ತಿದ್ದವರು ಸುಮ್ಮನಾದರು. ಮೆಕ್ಯಾನಿಕ್ ಇದ್ದಕ್ಕಿದ್ದ ಹಾಗೆ ವೈರು ಸುತ್ತುವುದರಲ್ಲಿ ಮುಳುಗಿಹೋದ. ಮಾವ ಒಂದು ಕಾಗದವನ್ನು ಅವಳ ಕಡೆ ಚಾಚಿ, “ಓದಮ್ಮ, ನನಗೆ ಕಾಣಲ್ಲ” ಎಂದರು.

ಎಪ್ಪತ್ತೊಂದು ಎಂದಿತ್ತು.

ಎಂಬತ್ತಕ್ಕೆ ಒಂಬತ್ತು ಕಡಿಮೆ, ಎಂದರೆ ಒಂಬೈನೂರು ಹೋಯಿತು. ಬೆಲೆ ಏಳು ಸಾವಿರದ ಮುನ್ನೂರೈವತ್ತಕ್ಕೆ ಇಳಿಯಿತು, ಅವಳ ಆರು ನೂರು ಸೇರಿಸಿದರೂ ಮೆಷಿನ್ನಿಗೆ ಸಾವಿರಕ್ಕೂ ಹೆಚ್ಚು ಕೊರತೆ. ಕಾಗದ ಅವಳ ಕೈಯಲ್ಲಿತ್ತು. ಎಂಬತ್ತೊಂದು ಎಂದರೆ ಮುಗಿಯಿತು, ಸಾವಿರ ಮೇಲೆ ಬರುತ್ತದೆ. ಮಾವನಿಗೆ ಕಾಣದು, ಕೊಳ್ಳುವವರು ಮಾವನ ಮಾತನ್ನು ನಂಬುತ್ತಾರೆ, ಅವರ ಮಾತನ್ನು ನಂಬದವರು ಊರಿನಲ್ಲಿ ಯಾರಿದ್ದಾರೆ? ನೋಯುವ ಹೆಬ್ಬೆರಳಿನಿಂದಲೇ ಆ ಕಾಗದದ ಅಂಚನ್ನು ಹಿಡಿದು ನಿಂತಿದ್ದಳು. ದೇವರಂಥ ಮನುಷ್ಯನ ಮುಂದೆ ನಿಂತು ಇಂಥ ಯೋಚನೆ ಬಂತಲ್ಲ ಎಂದು ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

“ಎಪ್ಪತ್ತೊಂದು, ಮಾವ” ಎಂದಳು. ಧ್ವನಿ ಸ್ವಲ್ಪ ಒಡೆದಿತ್ತು.

“ಸರಿ” ಎಂದರು ಮಾವ. ಅಷ್ಟೇ. ದಾರಿಯುದ್ದಕ್ಕೂ ಮತ್ತೆ ಮಾತಾಡಲಿಲ್ಲ. ತನ್ನ ಮೆಷಿನ್ ಕೈತಪ್ಪಿತೆಂದು ಅವರಿಗೂ ಬೇಸರವಾಗಿರಬೇಕು ಎಂದು ಅವಳು ಅಂದುಕೊಂಡಳು.

ಒಂದು ರಟ್ಟಿನ ಮೇಲೆ ಬೆಲೆ, ಬ್ಯಾಟರಿಯ ಅಂಕಿ, ಬಾಗಿಲಿನ ತಗ್ಗು, ಸೋಮಾರಿ ಗಾಜು, ಎಲ್ಲವನ್ನೂ ಮಾವ ಹೇಳಿದಂತೆ ಸೊಸೆ ದಪ್ಪಕ್ಷರದಲ್ಲಿ ಬರೆದು ಕಾರಿಗೆ ತಗುಲಿಸಿದಳು. ನೋಡಲು ಬಂದವರು ಒಬ್ಬಿಬ್ಬರಲ್ಲ. ಬಂದವರೆಲ್ಲ ಅಭ್ಯಾಸಬಲದಿಂದ ಚೌಕಾಸಿ ಮಾಡುತ್ತಿದ್ದರು. ಮಾವ ಬೆಲೆ ಇಳಿಸುವ ಬದಲು ಲೆಕ್ಕವನ್ನು ಮೊದಲಿನಿಂದ ಬಿಡಿಸಿ ಹೇಳುತ್ತಿದ್ದರು. ಹತ್ತು ನಿಮಿಷದ ಪಾಠ ಕೇಳಿ, ಇದೇನು ಕಾರು ಮಾರುವ ಮನೆಯೋ ಶಾಲೆಯೋ ಎಂದು ಗೊಣಗಿಕೊಂಡು ಹೋದರು ಕೆಲವರು. ಒಬ್ಬನಂತೂ, ತನ್ನ ದೋಷ ತಾನೇ ಬರೆದು ತೂಗುಹಾಕಿದವರನ್ನು ಇದೇ ಮೊದಲು ನೋಡಿದ್ದು, ಇದರಲ್ಲಿ ಇನ್ನೇನೋ ಮೋಸ ಇರಬೇಕು ಎಂದುಬಿಟ್ಟ.

ಐದನೆಯ ದಿನ ಒಬ್ಬ ನರ್ಸ್ ಬಂದಳು. ಮಾತು ಕಡಿಮೆ, ನೋಟ ಚುರುಕು. ರಟ್ಟನ್ನು ಎರಡು ಸಲ ಓದಿದಳು, ಎಡಗಡೆಯ ಗಾಜನ್ನು ಏರಿಸಿ ಇಳಿಸಿ ನೋಡಿದಳು, ಬೆಲೆ ನ್ಯಾಯವಾಗಿದೆ ಎಂದಳು. ಅಷ್ಟು ಕೇಳಿದ್ದೇ ಮಾವನ ಮುಖ ಅರಳಿತು. ಆಮೇಲೆ ಅವಳು ತನ್ನ ಕಷ್ಟ ಹೇಳಿಕೊಂಡಳು. ವಾರಕ್ಕೆ ಮೂರು ದಿನ ಬೆಟ್ಟದ ಆಸ್ಪತ್ರೆಯಲ್ಲಿ ಡ್ಯೂಟಿ, ಹೋಗಲು ತೊಂಬತ್ತು ಕಿಲೋಮೀಟರು, ಬರಲು ತೊಂಬತ್ತು. ಅಲ್ಲಿ ಚಾರ್ಜ್ ಮಾಡುವ ಕಂಬ ಇರುವುದು ಒಂದೇ, ಅದಕ್ಕೆ ಸದಾ ಯಾರಾದರೊಬ್ಬ ಡಾಕ್ಟರ ಕಾರು ಕಟ್ಟಿದ ಎಮ್ಮೆಯ ಹಾಗೆ ನಿಂತಿರುತ್ತದೆ. ಚಳಿಗಾಲದಲ್ಲಿ ಈ ಕಾರು ಹೋಗಿ ಬರುತ್ತದೆಯೇ?

ಮಾವ ಕಣ್ಣು ಮುಚ್ಚಿದರು. ಮುನ್ನೂರರಲ್ಲಿ ನೂರಕ್ಕೆ ಎಪ್ಪತ್ತೊಂದು ಪಾಲು ಎಂದರೆ ಇನ್ನೂರ ಹದಿಮೂರು. ಚಳಿ ಐದರಲ್ಲಿ ಒಂದು ಪಾಲು ತಿನ್ನುತ್ತದೆ. ಉಳಿಯುವುದು ನೂರ ಎಪ್ಪತ್ತು, ಬೇಕಾದದ್ದು ನೂರ ಎಂಬತ್ತು. “ಬೇಡಮ್ಮ, ತಗೋಬೇಡ” ಎಂದರು. “ಮನೆಗೆ ಹತ್ತು ಕಿಲೋಮೀಟರು ಇರೋವಾಗ ಕತ್ತಲಲ್ಲಿ ಕೈ ಕೊಡ್ತದೆ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಸೊಸೆ ಒಳಗೊಳಗೇ ನಿಟ್ಟುಸಿರಿಟ್ಟಳು. ಆದರೂ ಅವಳಿಗೆ ಮಾವನ ಮೇಲೆ ಸಿಟ್ಟು ಬರಲಿಲ್ಲ. ಕೊಳ್ಳುತ್ತೇನೆ ಎಂದು ಬಂದವಳನ್ನು ನಿನಗಿದು ಒಗ್ಗದು ಎಂದು ವಾಪಸು ಕಳಿಸುವವರನ್ನು ಕಂಡು ಸಿಟ್ಟು ಮಾಡುವುದು ಹೇಗೆ? ನರ್ಸಿಗೂ ಬೇಸರವಾಯಿತು. ಇನ್ನೊಂದು ಕಾರು ನೋಡಿದ್ದೇನೆ, ಅದು ಅಷ್ಟು ಹಿಡಿಸಿಲ್ಲ, ಅವರಿಗೆ ಭಾನುವಾರ ಸಂಜೆಯೊಳಗೆ ಉತ್ತರ ಹೇಳಬೇಕು ಎಂದು ಗೇಟಿನ ತನಕ ಹೋದವಳು ತಿರುಗಿ ಒಂದು ಮಾತು ಕೇಳಿದಳು. “ಪೂರ್ತಿ ತುಂಬಿಸಿ, ಪೂರ್ತಿ ಖಾಲಿ ಆಗೋ ತನಕ ಓಡಿಸಿ ನೋಡಿದ್ರಾ?”

“ಇಲ್ಲಮ್ಮ” ಎಂದರು ಮಾವ.

ಆ ದಿನ ಊಟಕ್ಕೆ ಕೂತವರು ಅರ್ಧದಲ್ಲೇ ಕೈ ನಿಲ್ಲಿಸಿದರು. ತಟ್ಟೆಯನ್ನೇ ನೋಡುತ್ತಾ, “ನಾನೆಂಥಾ ಇನ್ಸ್‌ಪೆಕ್ಟರು” ಎಂದರು. “ಎಂಟು ವರ್ಷದಿಂದ ಅರ್ಧ ಭಾರ ಮಾತ್ರ ಇಟ್ಟು ನೋಡಿದೀನಿ. ಖಾಲಿ ತಟ್ಟೆ ನೋಡಿಲ್ಲ, ಪೂರ್ತಿ ಭಾರ ನೋಡಿಲ್ಲ. ಬೇರೆಯವರು ಹೀಗೆ ಮಾಡಿದ್ರೆ ಮುದ್ರೆ ಕೊಡ್ತಿದ್ನಾ?”

ಮೆಕ್ಯಾನಿಕ್ಕಿಗೆ ಫೋನು ಹೋಯಿತು. ಹೌದಲ್ಲ ತಾತ ಎಂದ ಅವನು. ಬ್ಯಾಟರಿ ಮೇಲಿನ ತುದಿಯನ್ನೂ ಕೆಳಗಿನ ತುದಿಯನ್ನೂ ವರ್ಷಗಟ್ಟಲೆ ಕಾಣದಿದ್ದರೆ, ಆ ತುದಿಗಳು ಎಲ್ಲಿವೆ ಎಂಬುದೇ ಕಾರಿನ ಕಂಪ್ಯೂಟರಿಗೆ ಮರೆತುಹೋಗುತ್ತದಂತೆ, ಸುಮ್ಮನೆ ಅಂದಾಜು ಹೇಳುತ್ತದಂತೆ. ಅಂದಾಜು ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ತನ್ನ ಗಿರಾಕಿಗಳೆಲ್ಲ ತುಂಬಿಸಿ ತುಂಬಿಸಿಯೇ ಬ್ಯಾಟರಿ ಕೆಡಿಸಿಕೊಂಡು ಬರುವವರು, ಇಂಥ ಪಥ್ಯದವರು ಇರಬಹುದೆಂದು ಹೊಳೆಯಲೇ ಇಲ್ಲ ಎಂದು ಕ್ಷಮೆ ಕೇಳಿದ. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರಲ್ಲ, ಮಾವನ ಅತಿ ಜಾಗ್ರತೆಯೇ ಕಾರಿನ ಬಾಯಲ್ಲಿ ಸುಳ್ಳು ಹೇಳಿಸಿತ್ತು. ಪೂರ್ತಿ ತುಂಬಿಸಿ, ಒಂದೇ ವೇಗದಲ್ಲಿ ನಿಲ್ಲುವ ತನಕ ಓಡಿಸಿ ನೋಡುವುದೊಂದೇ ದಾರಿ. ಅಂಕಿ ಇನ್ನೂ ಕೆಳಗಿಳಿದರೆ ಏನು ಗತಿ, ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಗುತ್ತದೆ ಎಂದು ಮಗ ಹೇಳಿ ನೋಡಿದ. ಇಳಿದರೆ ಬೆಲೆಯೂ ಇಳಿಯುತ್ತದೆ ಎಂದರು ಮಾವ.

ಶನಿವಾರ ಕಾರಿಗೆ ಎಂಟು ವರ್ಷದ ಮೇಲೆ ಹೊಟ್ಟೆ ತುಂಬ ಊಟ. ಸಂಜೆಗೆ ಮುಗಿಯುತ್ತದೆ ಎಂದುಕೊಂಡದ್ದು ಮುಗಿಯಲೇ ಇಲ್ಲ, ಕುಡಿದೇ ಕುಡಿಯಿತು. ಭಾನುವಾರ ಬೆಳಿಗ್ಗೆ ಗಂಡ ಜೊತೆಗೆ ಬರುವುದೆಂದಿತ್ತು, ಅಷ್ಟರಲ್ಲಿ ಎಲ್ಲೋ ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡರೆಂದು ಫೋನು ಬಂದು ಅವನು ಓಡಿದ. ಹಾಗಾದರೆ ನೀವೇ ಬನ್ನಿ ಎಂದು ಸೊಸೆ ಮಾವನನ್ನು ಕರೆದಳು. ಮಾವ ತಲೆಯಾಡಿಸಿದರು. ತೂಗುವಾಗ ಅಂಗಡಿಯವನು ತಕ್ಕಡಿ ಮುಟ್ಟಬಾರದು, ಗಾಡಿ ನನ್ನದು, ನಾನು ಹತ್ತಬಾರದು, ನೀನೊಬ್ಬಳೇ ಹೋಗು ಎಂದರು. ಅವಳು ನಕ್ಕು ಹೊರಟಳು.

ಊರ ಸುತ್ತಿನ ಹೆದ್ದಾರಿಯಲ್ಲಿ ಅರವತ್ತರ ವೇಗ, ಫ್ಯಾನಿಲ್ಲ, ರೇಡಿಯೋ ಇಲ್ಲ, ಗಾಜು ಇಳಿಸುವಂತಿಲ್ಲ. ಒಂದು ಸುತ್ತಿಗೆ ಮೂವತ್ತೆರಡು ಕಿಲೋಮೀಟರು. ಅದೇ ನೀರಿನ ಟ್ಯಾಂಕು, ಅದೇ ಟೈಲ್ಸಿನ ಗೋದಾಮು, ಅದೇ ಮುರಿದ ಬಸ್ ನಿಲ್ದಾಣ. ಮೂರನೆಯ ಸುತ್ತಿಗೆ ಅವಳಿಗೆ ಬೇಸರ, ಐದನೆಯದಕ್ಕೆ ಬೆನ್ನುನೋವು. ಬ್ಯಾಟರಿ ಮೂವತ್ತಕ್ಕಿಂತ ಕೆಳಗಿಳಿದಾಗ, ಮಾವನ ಮನೆಯಲ್ಲಿ ಹಿಟ್ಟು ತೂಗದೆ ಡಬ್ಬಿಗೆ ಸುರಿದಷ್ಟು ತಪ್ಪು ಮಾಡುತ್ತಿದ್ದೇನೆ ಎನಿಸಿತು. ಏಳನೆಯ ಸುತ್ತಿನಲ್ಲಿ ಇನ್ನೂರ ಹದಿಮೂರು ಬಂತು. ಕಂಪ್ಯೂಟರಿನ ಪ್ರಕಾರ ಕಾರು ಸಾಯಬೇಕಾದ ಜಾಗ. ಪರದೆಯ ಮೇಲೆ ಬ್ಯಾಟರಿ ನೂರಕ್ಕೆ ನಾಲ್ಕು ಎಂದು ತೋರಿಸುತ್ತಿತ್ತು. ಜೀವ ಕೈಯಲ್ಲಿ ಹಿಡಿದುಕೊಂಡು ರಸ್ತೆಯ ಅಂಚಿಗೆ ಬಂದಳು.

ಕಾರು ನಿಲ್ಲಲಿಲ್ಲ. ಅಂಕಿ ನಾಲ್ಕರಲ್ಲೇ ಕೂತಿತು, ಕಾರು ಹೋಗುತ್ತಲೇ ಇತ್ತು. ಇನ್ನೂರ ಇಪ್ಪತ್ತು. ಇನ್ನೂರ ಮೂವತ್ತು. ಟೈಲ್ಸಿನ ಗೋದಾಮು ಮತ್ತೆ ಬಂತು. ಈ ಎಂಟು ವರ್ಷದ ಮುದಿ ಗಾಡಿ, ಯಾರೂ ಕೇಳದಿದ್ದ ಶಕ್ತಿಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ತೆಪ್ಪಗಿತ್ತಲ್ಲ ಎಂದು ಅವಳಿಗೆ ಅದರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಎಂಟನೆಯ ಸುತ್ತು ಮುಗಿದು ಎರಡು ಕಿಲೋಮೀಟರು ದಾಟಿ, ಬಟ್ಟೆ ಒಗೆಯುವ ಅಂಗಡಿಯ ಎದುರಿನ ಏರಿನಲ್ಲಿ ಕಾರು ನಿಂತಿತು. ಇನ್ನೂರ ಐವತ್ತೆಂಟು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಜೇಬಿನಲ್ಲಿತ್ತು, ಅದರಿಂದ ಅಂಗೈ ಮೇಲೆ ಅಂಕಿ ಬರೆದುಕೊಂಡಳು.

ಎದುರು ಮನೆಯ ದಲ್ಲಾಳಿ ತನ್ನ ವ್ಯಾನು ತಂದು ಹಗ್ಗ ಕಟ್ಟಿ ಕಾರನ್ನು ಮನೆಗೆ ಎಳೆದ. ಇಳಿಯುವಾಗ, ಇನ್ನೂರ ಎಂಬತ್ತು ಅಂತ ಹೇಳಿಬಿಡಮ್ಮ, ಯಾರು ನೋಡಿದ್ದಾರೆ ಎಂದು ಕಣ್ಣು ಮಿಟುಕಿಸಿದ. ತಮಾಷೆಗೆ ಹೇಳಿದ್ದು, ಆದರೆ ಅವಳಿಗೆ ಚುಚ್ಚಿತು. ಯಾರು ನೋಡಿದ್ದಾರೆ? ನಿಜ, ಯಾರೂ ನೋಡಿಲ್ಲ. ಕಾರನ್ನು ಚಾರ್ಜಿಗೆ ಹಾಕಿದ ಕೂಡಲೇ ಪರದೆಯ ಮೇಲಿನ ಆ ಓಟದ ಲೆಕ್ಕ ಸೊನ್ನೆಗೆ ಹೋಯಿತು, ಕಾರು ಓಡಿದ ಒಟ್ಟು ಲೆಕ್ಕವನ್ನು ಹೊರಡುವಾಗ ಬರೆದಿಟ್ಟುಕೊಂಡಿರಲಿಲ್ಲ. ಫೋಟೋ ತೆಗೆಯಬೇಕಿತ್ತು ಎಂದು ಆಗ ಹೊಳೆಯಿತು. ಈಗ ಇರುವ ಸಾಕ್ಷಿ ಅಂಗೈಯ ಸುಣ್ಣವೊಂದೇ. ಹೋದ ವಾರ ಎಪ್ಪತ್ತೊಂದು ಓದುವಾಗ ತಡವರಿಸಿದವಳು, ಇಂದು ಒಬ್ಬಳೇ ಹೋಗಿ ಬಂದು, ತನ್ನ ಮೆಷಿನ್ನಿಗೆ ಬೇಕಾದಷ್ಟೇ ಒಳ್ಳೆಯ ಸುದ್ದಿ ತಂದಿದ್ದಾಳೆ. ಎಂಥವರಿಗೂ ಅನುಮಾನ ಬರುತ್ತದೆ. ಜೀವನವಿಡೀ ಯಾರ ಬಾಯಿಮಾತನ್ನೂ ನಂಬದೆ ಕಲ್ಲಿಟ್ಟು ನೋಡಿದ ಮನುಷ್ಯನಿಗೆ ಬರದೇ ಇರುತ್ತದೆಯೇ?

ನಡುಮನೆಯಲ್ಲಿ ಮಾವ ಕಿಟಕಿಯ ಬಳಿ ಕೂತಿದ್ದರು. ಗಂಡನೂ ಆಗಷ್ಟೇ ಬಂದಿದ್ದ. ಅವಳು ನಿಂತಲ್ಲಿಂದಲೇ, ಇನ್ನೂರ ಐವತ್ತೆಂಟು ಎಂದಳು. ಎಂದವಳೇ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ, ಫೋಟೋ ಮರೆತದ್ದು, ಲೆಕ್ಕ ಅಳಿಸಿಹೋದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ನಾಳೆ ಮೆಕ್ಯಾನಿಕ್ಕಿನ ಕಾಗದ ಬರುವ ತನಕ ಬೆಲೆ ಬದಲಿಸುವುದು ಬೇಡ ಎಂದಳು. ಮಾವ ಆಗಲೇ ಲೆಕ್ಕಕ್ಕೆ ತೊಡಗಿದ್ದರು. ಮುನ್ನೂರಕ್ಕೆ ಇನ್ನೂರ ಐವತ್ತೆಂಟು ಎಂದರೆ ನೂರಕ್ಕೆ ಎಂಬತ್ತಾರು, ಎಂಬತ್ತರ ಮೇಲೆ ಆರು, ಆರು ನೂರು ಕೂಡು, ತಗ್ಗು ಗಾಜು ಟೈರು ಸೇರಿ ಒಂದು ನೂರು ಕಳೆ ಎಂದು ಗೊಣಗಿ, ಎಂಟು ಸಾವಿರದ ಎಂಟುನೂರ ಐವತ್ತು ಎಂದರು. ಆಮೇಲೆ ನರ್ಸಿಗೆ ಫೋನು ಹಚ್ಚು, ಸಂಜೆಯಾಗುತ್ತಿದೆ ಎಂದು ಮಗನಿಗೆ ಹೇಳಿದರು.

ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ಕಾರು ಚಳಿಯಲ್ಲೂ ಇನ್ನೂರು ದಾಟುತ್ತದೆ, ನಿಮ್ಮನ್ನು ಮನೆ ಮುಟ್ಟಿಸುತ್ತದೆ, ಆದರೆ ಬೆಲೆ ಒಂದೂವರೆ ಸಾವಿರ ಹೆಚ್ಚು ಎಂದು ಮಾವ ಹೇಳಿದರು. ಆಮೇಲೆ ನರ್ಸ್ ಕೇಳಿದಳು. “ಮೊನ್ನೆ ಒಂದು ಅಂಕಿ ಹೇಳಿದ್ರಿ, ಈಗ ಇನ್ನೊಂದು. ಅಳೆದೋರು ಯಾರು?”

“ನನ್ನ ಸೊಸೆ.”

“ಅವರೊಬ್ಬರೇನಾ?”

“ಒಬ್ಬಳೇ. ಇನ್ನೊಂದು ವಿಷಯ ಹೇಳ್ಬೇಕು. ಬರೋ ದುಡ್ಡೂ ಅವಳಿಗೇ.”

ಗಂಡ ಹಣೆ ಹಣೆ ಬಡಿದುಕೊಂಡ. ಸೊಸೆಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮಾವ ಮಾತ್ರ ಕಿಟಕಿಯ ಕಟ್ಟೆಯ ಮೇಲಿನ ಒಂದು ಹಿತ್ತಾಳೆಯ ಕಲ್ಲನ್ನು ಕೈಗೆತ್ತಿಕೊಂಡು, ಅವಸರವಿಲ್ಲದೆ ಮಾತು ಮುಂದುವರಿಸಿದರು.

“ನಾಳೆ ನೀವೇ ಮೆಕ್ಯಾನಿಕ್ ಹತ್ರ ಇನ್ನೊಮ್ಮೆ ನೋಡಿಸಿ, ನೋಡಿಸಲೇಬೇಕು. ಆದ್ರೆ ನನಗೆ ಬೇಡ. ಯಾಕೆ ಅಂದ್ರೆ, ಹೋದ ವಾರ ಶೆಡ್ಡಲ್ಲಿ ಅವಳು ಹೊರಗೆ ಹೋದಾಗ, ಮೆಕ್ಯಾನಿಕ್ ನನಗೆ ಅಂಕಿ ಹೇಳಿಬಿಟ್ಟಿದ್ದ. ಎಪ್ಪತ್ತೊಂದು ಅಂತ. ಅದು ನನಗೆ ಗೊತ್ತಿದ್ದ ಕಲ್ಲು. ಗೊತ್ತಿದ್ದೂ ಗೊತ್ತಿದ್ದೂ ಅವಳ ಕೈಗೆ ಕಾಗದ ಕೊಟ್ಟು ಓದು ಅಂದೆ. ಹಾಳು ಅಭ್ಯಾಸ ನೋಡಿ. ಅವಳಿಗೆ ಸಾವಿರದಷ್ಟು ನಷ್ಟ ಆಗೋ ಅಂಕಿ ಅದು. ತಡವಾಯ್ತು, ಧ್ವನಿ ನಡುಗ್ತು. ಆದ್ರೆ ಎಪ್ಪತ್ತೊಂದನ್ನ ಎಪ್ಪತ್ತೊಂದು ಅಂತಲೇ ಓದಿದಳು. ಅವತ್ತೇ ನಾನು ಮುದ್ರೆ ಒತ್ತಿಬಿಟ್ಟೆ. ಪರೀಕ್ಷೆ ಮಾಡಿದ್ದಕ್ಕೆ ವಾರವಿಡೀ ನಾಚಿಕೆಯಾಗಿ ಅವಳ ಮುಖ ನೋಡಿ ಮಾತಾಡಿಲ್ಲ.”

ಸೊಸೆ ಗೋಡೆಗೆ ಒರಗಿದಳು. ಕಾರಿನಲ್ಲಿ ಅವರು ಮೌನವಾಗಿದ್ದದ್ದು, ಇಂದು ಬೆಳಿಗ್ಗೆ ಅವಳೊಬ್ಬಳನ್ನೇ ಕಳಿಸಿದ್ದು, ಎಲ್ಲ ಒಟ್ಟಿಗೆ ಅರ್ಥವಾಯಿತು. ನನ್ನನ್ನೇ ತಕ್ಕಡಿಯ ಮೇಲೆ ಇಟ್ಟರಲ್ಲ ಎಂದು ಒಂದು ಕ್ಷಣ ರೇಗಿತು. ಮರುಕ್ಷಣವೇ ಕಣ್ಣು ತುಂಬಿ ಬಂತು. ಈ ಮನುಷ್ಯ ಮೂವತ್ತೈದು ವರ್ಷದಲ್ಲಿ ಎಷ್ಟು ಕಷ್ಟಪಟ್ಟು ಮುದ್ರೆ ಒತ್ತಿದವರು ಎಂದು ಅವಳಿಗೆ ಗೊತ್ತಿತ್ತು.

ಫೋನಿನಲ್ಲಿ ನರ್ಸ್ ಬೆಲೆಗೆ ಒಪ್ಪಿಕೊಂಡಳು. ಆ ಇನ್ನೊಂದು ಕಾರಿನವರಿಗೆ ಈಗಲೇ ಬೇಡ ಎಂದು ಹೇಳುತ್ತೇನೆ, ನಾಳೆ ಡ್ಯೂಟಿ ಮುಗಿಸಿ ಬರುತ್ತೇನೆ, ಮೆಕ್ಯಾನಿಕ್ಕಿನ ಹತ್ತಿರ ಹೋಗೋದಿದ್ದರೆ ಟೈರಿನ ಗಾಳಿ ನೋಡಿಸೋಕೆ ಅಷ್ಟೇ ಎಂದಳು.

ಫೋನು ಇಟ್ಟ ಮೇಲೆ ಗಂಡನಿಗೆ ಹುರುಪು ಬಂತು. ಎಂಟು ಸಾವಿರದ ಎಂಟುನೂರ ಐವತ್ತು ಅಂತ ಯಾರಾದರೂ ಬೆಲೆ ಹೇಳುತ್ತಾರೆಯೇ, ಒಂಬತ್ತು ಎಂದು ಬರೆದುಬಿಡೋಣ, ನೋಡಲೂ ಚೆನ್ನಾಗಿರುತ್ತದೆ ಎಂದ. ಮಾವ ಬಾಯಿ ತೆರೆಯುವಷ್ಟರಲ್ಲಿ ಸೊಸೆಯೇ, ಆಗಲ್ಲ, ಗಾಜು ಇನ್ನೂ ಸೋಮಾರಿಯಾಗೇ ಇದೆ ಎಂದಳು. ಮಾವ ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡರು.

ಹಳೆಯ ರಟ್ಟನ್ನು ಅವಳು ತಿರುವಿ ಹಾಕಿ, ಹಿಂಬದಿಗೆ ಹೊಸ ಅಂಕಿಗಳನ್ನು ಬರೆದಳು. ಹೆಬ್ಬೆರಳು ನೋಯುತ್ತಿತ್ತು, ಆದರೂ ಅಕ್ಷರಗಳು ದುಂಡಗೆ ಬಂದವು. ಮಾವ ಕೈ ಚಾಚಿದರು, ರಟ್ಟನ್ನು ಇಸಿದುಕೊಂಡರು, ಗೋಡೆ ಹಿಡಿದುಕೊಂಡು ಒಬ್ಬರೇ ಅಂಗಳಕ್ಕೆ ಹೋಗಿ ಅದನ್ನು ಕಾರಿನ ಗಾಜಿಗೆ ಸಿಕ್ಕಿಸಿ ಬಂದರು. ಏನು ಬರೆದೆ ಎಂದು ಅವರು ಕೇಳಲಿಲ್ಲ.